ನಿಲ್ಲುವ ವಿವೇಕ

ನಿಲ್ದಾಣಕ್ಕೆ ಬಸ್ಸು ಬಂದು, ಚಾಲಕನು ಹ್ಯಾಂಡ್‌ಬ್ರೇಕು ಹಾಕಿದೊಡನೆ ‘ಉಸ್’ ಎಂಬ ಸದ್ದು ಕೇಳಿಸುವುದುಂಟು. ಚಿಕ್ಕಂದಿನಲ್ಲಿ ನಾನು ಅದನ್ನು ದಣಿದ ಬಸ್ಸಿನ ನಿಟ್ಟುಸಿರೆಂದೇ ನಂಬಿದ್ದೆ. ಅದರ ಅರ್ಥ ತಿಳಿದದ್ದು ಬಹಳ ವರ್ಷಗಳ ಮೇಲೆ.

ದೊಡ್ಡ ಬಸ್ಸನ್ನು ತಡೆದು ನಿಲ್ಲಿಸುವುದು ಚಾಲಕನ ಕಾಲಿನ ಬಲವಲ್ಲ, ಟ್ಯಾಂಕಿನಲ್ಲಿ ಒತ್ತಿ ತುಂಬಿದ ಗಾಳಿ. ಪೆಡಲನ್ನು ತುಳಿದಾಗ ಆ ಗಾಳಿ ನುಗ್ಗಿ, ಚಕ್ರದೊಳಗಿನ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವಂತೆ ಮಾಡುತ್ತದೆ. ಘರ್ಷಣೆಯಿಂದ ಚಕ್ರ ನಿಲ್ಲುತ್ತದೆ. ಗಾಳಿಯೇ ಸೋರಿಹೋದರೆ? ಅದಕ್ಕೂ ಉಪಾಯವುಂಟು. ಹಿಂದಿನ ಚಕ್ರಗಳ ಬಳಿ ಬಲವಾದ ಸ್ಪ್ರಿಂಗನ್ನು ಗಾಳಿಯೇ ಅದುಮಿ ಹಿಡಿದಿರುತ್ತದೆ. ಗಾಳಿ ಹೋಯಿತೆಂದರೆ ಸ್ಪ್ರಿಂಗು ಬಿಚ್ಚಿಕೊಂಡು ತಾನೇ ಬ್ರೇಕು ಹಾಕುತ್ತದೆ. ನಾನು ಕೇಳಿದ ನಿಟ್ಟುಸಿರು ಆ ಗಾಳಿಯ ಬಿಡುಗಡೆ. ಬಲಗುಂದಿದಾಗ ನಿಂತುಬಿಡು ಎಂಬುದು ಈ ಯಂತ್ರದ ಧರ್ಮ.

ಆದರೆ ಬ್ರೇಕ್ ಶೂವೋ ಅದನ್ನು ತಳ್ಳುವ ಭಾಗವೋ ಹುಟ್ಟಿನಿಂದಲೇ ದುರ್ಬಲವಾಗಿದ್ದರೆ ಗಾಳಿಯೂ ಸ್ಪ್ರಿಂಗೂ ನಿರುಪಾಯ. ಸವೆದ ಬ್ರೇಕು ಒಂದು ಬಸ್ಸಿನ ಕಾಯಿಲೆ. ಡಿಪೋದ ಮೆಕ್ಯಾನಿಕ್ ಅದನ್ನು ಗುಣಪಡಿಸಬಲ್ಲ. ತಯಾರಿಕೆಯ ದೋಷವಾದರೋ ಇಡೀ ವಂಶದ ಕಾಯಿಲೆ. ಆ ಪೈಕಿ ಇಂದು ಚೆನ್ನಾಗಿ ಓಡುತ್ತಿರುವ ಬಸ್ಸನ್ನೂ ಸಂಶಯದಿಂದಲೇ ನೋಡಬೇಕಾಗುತ್ತದೆ. ಆಗ ಎಲ್ಲವನ್ನೂ ಹಿಂದಕ್ಕೆ ಕರೆಯುವುದೇ ದಾರಿ.

ಅಮೆರಿಕದ ೧೯೬೬ರ ಕಾನೂನು, ಇಂಥ ದೋಷವನ್ನು ತಯಾರಕರೇ ಮಾಲೀಕರಿಗೆ ತಿಳಿಸಬೇಕೆಂದು ವಿಧಿಸಿತು. ೧೯೭೪ರ ತಿದ್ದುಪಡಿ, ಹಣ ಪಡೆಯದೆ ಸರಿಪಡಿಸಿಕೊಡಬೇಕೆಂದಿತು. ನಮ್ಮಲ್ಲಿ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ದೊರೆತದ್ದು ಮೋಟಾರು ವಾಹನ ಕಾಯಿದೆಯ ೨೦೧೯ರ ತಿದ್ದುಪಡಿಯಿಂದ.

ಕಾನೂನಿಗಿಂತ ಕಠಿಣವಾದದ್ದು ಅದನ್ನು ಪಾಲಿಸುವ ಮನಸ್ಸು. ೧೯೮೦ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ನಗರ, ಒಂದೇ ಮಾದರಿಯ ೬೦೦ಕ್ಕೂ ಹೆಚ್ಚು ಹೊಸ ಬಸ್ಸುಗಳನ್ನು ರಸ್ತೆಯಿಂದ ತೆಗೆಯಿತು. ಅಲ್ಲಿ ಕೆಟ್ಟದ್ದು ಬ್ರೇಕಲ್ಲ. ಕೆಲವು ಬಸ್ಸುಗಳ ಅಡಿಗಟ್ಟಿನಲ್ಲಿ ಬಿರುಕು ಕಂಡಿತ್ತು. ಬಿರುಕು ಬಿಡದ ಬಸ್ಸುಗಳೂ ನಿಂತವು. ಚಳಿಗಾಲದ ನಡುವೆ ಅಷ್ಟು ಬಸ್ಸುಗಳನ್ನು ನಿಲ್ಲಿಸುವುದು ಸುಲಭದ ಮಾತಲ್ಲ.

ಬಾರದ ಬಸ್ಸಿಗಾಗಿ ಕಾಯುವಾಗ ನಾನೂ ಗೊಣಗಿದ್ದೇನೆ. ಆದರೆ ಯಾವ ಪ್ರಯಾಣಿಕನೂ ಬ್ರೇಕನ್ನು ಪರೀಕ್ಷಿಸಿ ಬಸ್ಸು ಹತ್ತುವುದಿಲ್ಲ. ಟಿಕೆಟಿನ ಜೊತೆಗೆ ತನ್ನ ನಂಬಿಕೆಯನ್ನೂ ಕೊಟ್ಟು ಹತ್ತುತ್ತಾನೆ. ಆ ನಂಬಿಕೆಗೆ ಬೆಲೆ ಕೊಡುವ ಸಂಸ್ಥೆಯ ಒಳಗೂ ಅಂಥದೊಂದು ಸ್ಪ್ರಿಂಗು ಇರಬೇಕು. ಸಂಶಯ ಬಂದ ದಿನ ಅದು ಬಸ್ಸನ್ನು ನಿಲ್ಲಿಸಲಿ. ಏಕೆ ನಿಲ್ಲಿಸಿತೆಂಬುದನ್ನು ಕಾಯುತ್ತಿರುವ ಜನರಿಗೆ ಮರೆಮಾಚದೆ ಹೇಳಲಿ. ಆ ಹೊತ್ತು ನಡೆದುಕೊಂಡೇ ಮನೆ ಸೇರಲು ನನ್ನ ಅಡ್ಡಿಯಿಲ್ಲ.