ಅಮ್ಮನ ನಿದ್ದೆಗೊಂದು ಸರ್ಕ್ಯೂಟ್

ನನ್ನ ಓದುವ ಮೇಜಿಗೆ ಮನೆಯಲ್ಲಿ ಇಟ್ಟಿರುವ ಹೆಸರು ‘ಗುಜರಿ ಅಂಗಡಿ’. ಅದರ ಮೇಲೆ ಪುಸ್ತಕಗಳಿಗಿಂತ ವೈರುಗಳೇ ಜಾಸ್ತಿ. ಹಳೆಯ ಎಮರ್ಜೆನ್ಸಿ ಲ್ಯಾಂಪಿನಿಂದ ಬಿಚ್ಚಿದ ಎಲ್‌ಇಡಿಗಳು, ಕೆಟ್ಟುಹೋದ ಮೊಬೈಲ್ ಚಾರ್ಜರ್‌ಗಳು, ಒಂದು ಮಲ್ಟಿಮೀಟರ್, ಹಪ್ಪಳದ ಡಬ್ಬಿಯ ತುಂಬ ರೆಸಿಸ್ಟರ್‌ಗಳು. ಕಸ ಗುಡಿಸುವಾಗ ಸಣ್ಣ ತಂತಿ ತುಂಡು ಸಿಕ್ಕರೂ ಅಜ್ಜಿ ಎಸೆಯುವುದಿಲ್ಲ. ‘ಇದು ನಿಂದೇನೇ?’ ಎಂದು ತಂದು ಕೊಡುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದು ಪೊರಕೆಗೆ ಕಟ್ಟಿದ ತಂತಿಯಾಗಿರುತ್ತದೆ.

ನಾನು ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿ.ಇ. ಮೂರನೇ ವರ್ಷ ಓದುತ್ತಿದ್ದೇನೆ. ಕಾಲೇಜಿನ ಲ್ಯಾಬ್‌ನಲ್ಲೂ ಸರ್ಕ್ಯೂಟ್ ಜೋಡಿಸುತ್ತೇವೆ. ಆದರೆ ಅಲ್ಲಿ ಮ್ಯಾನ್ಯುಯಲ್ ಇರುತ್ತದೆ. ಯಾವ ರೆಸಿಸ್ಟರ್ ಎಲ್ಲಿ, ಗ್ರಾಫ್ ಹೇಗೆ ಬರಬೇಕು ಎಂಬುದೆಲ್ಲ ಮೊದಲೇ ಅಚ್ಚಾಗಿರುತ್ತದೆ. ಗ್ರಾಫ್ ಹಾಗೆ ಬರದಿದ್ದರೆ ಪಕ್ಕದ ಬ್ಯಾಚಿನವರ ರೀಡಿಂಗ್ ಇದ್ದೇ ಇದೆ! ಮನೆಯ ಮೇಜಿನ ಮೇಲೆ ಮಾತ್ರ ಉತ್ತರ ಮೊದಲೇ ಗೊತ್ತಿರುವ ಪ್ರಯೋಗ ಒಂದೂ ಇಲ್ಲ.

ನಮ್ಮದು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರ. ನಲ್ಲಿ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ, ಅದೂ ರಾತ್ರಿ. ಹನ್ನೊಂದಕ್ಕೋ ಮೂರು ಗಂಟೆಗೋ ಹೇಳುವವರಿಲ್ಲ. ಬಂದ ಮೇಲೂ ಮೊದಲ ಹತ್ತು ನಿಮಿಷ ಕೆಂಪು ನೀರು. ಅದನ್ನು ಹೊರಗೆ ಬಿಟ್ಟು, ಬಿಂದಿಗೆಗಳಿಗೆ ಕುಡಿಯುವ ನೀರು ಹಿಡಿದು, ಆಮೇಲೆ ಸಂಪಿಗೆ ತಿರುಗಿಸಬೇಕು. ಸಂಪಿನಿಂದ ಮೋಟರ್ ಹಾಕಿ ಟೆರೇಸಿನ ಟ್ಯಾಂಕ್ ತುಂಬುವವರೆಗೆ ಕಾಯಬೇಕು. ಇದಿಷ್ಟನ್ನೂ ಮಾಡುವವರು ಅಮ್ಮ. ಬೆಳಿಗ್ಗೆ ಒಂಬತ್ತಕ್ಕೆ ಅವರು ಅಂಗನವಾಡಿಯಲ್ಲಿರಬೇಕು. ನೀರಿನ ಮರುದಿನ ಅವರ ಮುಖ ನೋಡಿದರೆ ಸಾಕು, ಎಷ್ಟು ಗಂಟೆಗೆ ನೀರು ಬಂದಿತ್ತು ಎಂದು ಕೇಳಬೇಕಿರಲಿಲ್ಲ.

ಅಜ್ಜಿಯ ಬಳಿ ಇದಕ್ಕೊಂದು ಉಪಾಯವಿತ್ತು. ಒಣಗಿದ ನಲ್ಲಿಯನ್ನು ತಿರುಗಿಸಿಟ್ಟು, ಅದರ ಕೆಳಗೆ ಸ್ಟೀಲ್ ತಟ್ಟೆ ಬೋರಲು ಹಾಕುವುದು. ನೀರು ಬಂದರೆ ತಟ್ಟೆ ಸದ್ದು ಮಾಡುತ್ತದೆ. ಸೆನ್ಸರ್, ಬಜರ್ ಎರಡೂ ಒಂದರಲ್ಲೇ, ಬ್ಯಾಟರಿಯ ಖರ್ಚೂ ಇಲ್ಲ. ನಿಜ ಹೇಳಬೇಕೆಂದರೆ ಅದಕ್ಕಿಂತ ಅಚ್ಚುಕಟ್ಟಾದ ವಿನ್ಯಾಸವನ್ನು ನಾನಿನ್ನೂ ಕಂಡಿಲ್ಲ. ಬೇಸಿಗೆಯಲ್ಲಿ ಫ್ಯಾನ್ ತಿರುಗುವಾಗ ಅದು ಒಳಕೋಣೆಗೆ ಕೇಳಿಸುವುದಿಲ್ಲ ಎಂಬುದಷ್ಟೇ ಕೊರತೆ. ಹಾಗಾಗಿ ಅಮ್ಮ ನಡುಮನೆಯಲ್ಲಿ ಅರ್ಧ ಎಚ್ಚರದಲ್ಲೇ ಮಲಗುತ್ತಿದ್ದರು.

ತಟ್ಟೆಯ ಕೆಲಸವನ್ನು ಆರ್ಡಿನೊ ಬೋರ್ಡಿಗೆ ಒಪ್ಪಿಸಬೇಕು ಎಂದು ಹೊರಟೆ. ಗೊತ್ತಿಲ್ಲದವರಿಗೆ ಎರಡು ಮಾತು: ಆರ್ಡಿನೊ ಶುರುವಾಗಿದ್ದು 2005ರಲ್ಲಿ, ಇಟಲಿಯ ಇವ್ರಿಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ. ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳೂ ಬಳಸುವಂತಿರಲಿ ಎಂಬುದು ಉದ್ದೇಶ. ಹೆಸರು ಬಂದಿದ್ದು ಅವರೆಲ್ಲ ಸೇರುತ್ತಿದ್ದ ಒಂದು ಬಾರಿನಿಂದ. ಆ ಬಾರಿಗೆ ಹೆಸರು ಬಂದಿದ್ದು ಸಾವಿರ ವರ್ಷದ ಹಿಂದಿನ ಒಬ್ಬ ರಾಜನಿಂದ! ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ ಅದೇ ಮಾದರಿಯ ಬೋರ್ಡನ್ನು ಯಾರು ಬೇಕಾದರೂ ತಯಾರಿಸಬಹುದು. ನನ್ನಂಥವರ ಜೇಬಿಗೆ ಎಟುಕುವುದು ಅಂಥ ಬೋರ್ಡುಗಳೇ. ಉನೊ ಬೋರ್ಡಿನ ಚಿಪ್‌ನಲ್ಲಿ ರ‍್ಯಾಮ್ ಇರುವುದು ಬರೀ 2 ಕೆಬಿ. ನಿಮ್ಮ ಮೊಬೈಲಿನ ಒಂದು ಸೆಲ್ಫಿಗೂ ಸಾಲದು. ನೀರಿನ ಲೆಕ್ಕಕ್ಕೆ ಮಾತ್ರ ಧಾರಾಳ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಸಾಮಾನು ತಂದೆ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಒಮ್ಮೆಯಾದರೂ ಅಲ್ಲಿ ಅಲೆಯಬೇಕು. ಕೈಗಾಡಿ, ಸ್ಕೂಟರ್, ಜನಜಂಗುಳಿಯ ನಡುವೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲಾಗದ ಅಂಗಡಿಗಳು. ಚೀಟಿ ಕೊಟ್ಟರೆ ನೂರಾರು ಸಣ್ಣ ಡಬ್ಬಿಗಳಲ್ಲಿ ಯಾವುದರೊಳಗೆ ಬಿಸಿ547 ಟ್ರಾನ್ಸಿಸ್ಟರ್ ಇದೆ ಎಂದು ನೋಡದೆಯೇ ಕೈ ಹಾಕಿ ತೆಗೆಯುತ್ತಾರೆ.

ಟ್ಯಾಂಕಿನ ಮಟ್ಟ ಅಳೆಯಲು ಮೊದಲು ಹಾಕಿದ್ದು ಅಲ್ಟ್ರಾಸಾನಿಕ್ ಸೆನ್ಸರ್. ಅದು 40 ಕಿಲೊಹರ್ಟ್ಸ್‌ನ ಸದ್ದು ಹೊರಡಿಸಿ, ನೀರಿಗೆ ತಗುಲಿ ವಾಪಸ್ ಬರುವ ಪ್ರತಿಧ್ವನಿಗೆ ಕಾಯುತ್ತದೆ. ಬಂದ ಸಮಯವನ್ನು ಮೈಕ್ರೊಸೆಕೆಂಡಿನಲ್ಲಿ ಅಳೆದು 58ರಿಂದ ಭಾಗಿಸಿದರೆ ದೂರ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಮೇಜಿನ ಮೇಲೆ ಬಕೆಟ್ ಇಟ್ಟು ನೋಡಿದಾಗ ಕರಾರುವಾಕ್ಕಾಗಿತ್ತು. ಟ್ಯಾಂಕಿನೊಳಗೆ ಕಥೆಯೇ ಬೇರೆ. ಮುಚ್ಚಿದ ಟ್ಯಾಂಕಿನ ಆವಿ ಬೆಳಗಿನ ಜಾವ ಸೆನ್ಸರಿನ ಮೇಲೆ ಹನಿಗಟ್ಟುತ್ತದೆ. ಆಗ ಅರ್ಧ ಖಾಲಿಯಿದ್ದ ಟ್ಯಾಂಕ್ ಇದ್ದಕ್ಕಿದ್ದಂತೆ ‘ತುಂಬಿದೆ’ ಎನ್ನತೊಡಗಿತು. ಕೊನೆಗೆ ಗೆದ್ದಿದ್ದು ಅದಕ್ಕಿಂತ ಹಳೆಯ ಜಾತಿಯ ಫ್ಲೋಟ್ ಸ್ವಿಚ್. ತೇಲುವ ಬುರುಡೆಯೊಳಗೆ ಒಂದು ಆಯಸ್ಕಾಂತ, ಕಡ್ಡಿಯೊಳಗೆ ಒಂದು ರೀಡ್ ಸ್ವಿಚ್, ಅಷ್ಟೇ. ಆವಿಗೂ ಅದಕ್ಕೂ ಸಂಬಂಧವಿಲ್ಲ.

ಸಂಪಿನಲ್ಲಿ ಎರಡು ಸ್ಟೀಲ್ ಕಡ್ಡಿ ಇಳಿಬಿಟ್ಟೆ. ನೀರು ಎರಡನ್ನೂ ಮುಟ್ಟಿದ್ದರೆ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಸಂಪ್ ಖಾಲಿಯಾದರೆ ಮೋಟರ್ ನಿಲ್ಲಬೇಕಲ್ಲ, ಅದಕ್ಕೆ. ಸದಾ ಡಿಸಿ ವೋಲ್ಟೇಜ್ ಇದ್ದರೆ ನೀರಿನಲ್ಲಿರುವ ಕಡ್ಡಿ ಸವೆದು ಕಪ್ಪಾಗುತ್ತದೆ. ಪಿಯುಸಿಯಲ್ಲಿ ಅಂಕಕ್ಕಾಗಿ ಬರೆದ ಎಲೆಕ್ಟ್ರಾಲಿಸಿಸ್ ಇದೇ. ಆದ್ದರಿಂದ ಅರ್ಧ ನಿಮಿಷಕ್ಕೊಮ್ಮೆ, ಕೆಲವೇ ಮಿಲಿಸೆಕೆಂಡು ಮಾತ್ರ ಕಡ್ಡಿಗೆ ವೋಲ್ಟೇಜ್ ಕೊಟ್ಟು, ಓದಿ, ತೆಗೆದುಬಿಡುವಂತೆ ಪ್ರೋಗ್ರಾಮ್ ಬರೆದೆ. ಕಡ್ಡಿಗಳು ಇವತ್ತಿಗೂ ಹೊಳೆಯುತ್ತಿವೆ. ನಲ್ಲಿಯ ಬಾಯಿಗೂ ಅಂಥದೇ ಎರಡು ಕಡ್ಡಿ ಇವೆ, ನೀರು ಬಂದಿದ್ದನ್ನು ಹೇಳಲು.

ಇನ್ನು ಮೋಟರ್. ಇಲ್ಲಿ ಸ್ವಲ್ಪ ನಿಧಾನಿಸಿ ಓದಿ. ಬೋರ್ಡಿನ ಒಂದು ಪಿನ್ನಿನಿಂದ ನೆಮ್ಮದಿಯಾಗಿ ಪಡೆಯಬಹುದಾದದ್ದು ಸುಮಾರು 20 ಮಿಲಿಆಂಪಿಯರ್. ಚಿಕ್ಕ ರಿಲೇಯ ಕಾಯಿಲ್‌ಗೇ 70 ಬೇಕು. ಅದಕ್ಕೆ ನಡುವೆ ಟ್ರಾನ್ಸಿಸ್ಟರ್, ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್. ಆ ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ ನಿಜ, ಆದರೆ ಮೋಟರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು. ನೇರವಾಗಿ ಕೊಟ್ಟರೆ ರಿಲೇಯ ತುಟಿಗಳು ಅಂಟಿಕೊಂಡು ಮೋಟರ್ ನಿಲ್ಲದೇ ಹೋಗಬಹುದು. ಆದ್ದರಿಂದ ರಿಲೇ ಕಾಂಟ್ಯಾಕ್ಟರನ್ನು ಎಳೆಯಬೇಕು, ಕಾಂಟ್ಯಾಕ್ಟರ್ ಮೋಟರನ್ನು ಓಡಿಸಬೇಕು. 230 ವೋಲ್ಟಿನ ಈ ಭಾಗವನ್ನು ನಾನು ಮುಟ್ಟಲಿಲ್ಲ. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಮಾಮ ಬಂದು ಜೋಡಿಸಿಕೊಟ್ಟರು. ‘ನೀನು ಆ ಕಡೆ ನಿಲ್ಲಮ್ಮ’ ಎಂದೇ ಕೆಲಸ ಶುರು ಮಾಡಿದವರು, ಮುಗಿಸುವಷ್ಟರಲ್ಲಿ ‘ಈ ಬೋರ್ಡಿಗೆ ಟೈಮರೂ ಹಾಕಬಹುದೇನಮ್ಮ?’ ಎಂದು ಕೇಳುತ್ತಿದ್ದರು.

ಕಾಂಟ್ಯಾಕ್ಟರ್ ಬಿಟ್ಟುಕೊಂಡಾಗಲೆಲ್ಲ ಆರ್ಡಿನೊ ತಾನೇ ರೀಸ್ಟಾರ್ಟ್ ಆಗುತ್ತಿತ್ತು. ಪ್ರೋಗ್ರಾಮನ್ನು ಮೂರು ದಿನ ಜಾಲಾಡಿದೆ. ತಪ್ಪು ಅಲ್ಲಿರಲಿಲ್ಲ. ಕಾಯಿಲ್‌ನ ಕರೆಂಟ್ ತಟ್ಟನೆ ಕಡಿದಾಗ ಏಳುವ ವೋಲ್ಟೇಜಿನ ಅಲೆ ಬೋರ್ಡಿನವರೆಗೆ ಬರುತ್ತಿತ್ತು. 100 ಓಮ್ ರೆಸಿಸ್ಟರ್, 0.1 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರ್. ಎರಡನ್ನೂ ಸಾಲಾಗಿ ಸೇರಿಸಿ ಮಾಮನ ಕೈಯಿಂದ ಕಾಯಿಲ್‌ಗೆ ಅಡ್ಡ ಹಾಕಿಸಿದೆ. ಕಾಯಿಲೆ ಹೋಯಿತು. ಸ್ನಬರ್ ಎಂಬ ಹೆಸರು ಕ್ಲಾಸಿನಲ್ಲಿ ಕೇಳಿದ್ದೆ. ಅದು ಯಾಕಿದೆ ಎಂದು ತಿಳಿದಿದ್ದು ಸಂಪಿನ ಪಕ್ಕದಲ್ಲಿ.

ಆಮೇಲೆ ಬಂತು ಇಲಿ. ಟೆರೇಸಿನಿಂದ ಇಳಿದ ವೈರನ್ನು ಒಂದು ರಾತ್ರಿ ಕಡಿದು ಹಾಕಿತ್ತು. ಟ್ಯಾಂಕ್ ತುಂಬಿದಾಗ ಸ್ವಿಚ್ ತೆರೆದುಕೊಳ್ಳುವಂತೆ ಜೋಡಿಸಿದ್ದರಿಂದ, ಕಡಿದ ವೈರ್ ಕೂಡ ಬೋರ್ಡಿಗೆ ‘ತುಂಬಿದೆ’ ಎಂದೇ ಕಾಣಿಸಿತು. ಮೋಟರ್ ಓಡಲೇ ಇಲ್ಲ. ನೀರು ಚೆಲ್ಲಲಿಲ್ಲ. ಆದರೂ ಎರಡು ತಂತಿ ಒಂದಕ್ಕೊಂದು ತಾಗಿಕೊಂಡರೆ? ಅದಕ್ಕೆಂದು ಇನ್ನೊಂದು ಸಾಲು ಬರೆದೆ: ಏನೇ ಆಗಲಿ, ಮೋಟರ್ 25 ನಿಮಿಷಕ್ಕಿಂತ ಹೆಚ್ಚು ಓಡಕೂಡದು. ನಮ್ಮ ಸಾವಿರ ಲೀಟರ್ ಟ್ಯಾಂಕಿಗೆ 20 ನಿಮಿಷ ಸಾಕು.

ಈ ಇಲಿಯ ಕಥೆಯನ್ನು ಕಳೆದ ಸೆಮಿಸ್ಟರಿನಲ್ಲಿ ಒಂದು ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಹೇಳಿದೆ. ಸಣ್ಣ ಕಂಪನಿ, ಇಬ್ಬರೇ ಕೂತಿದ್ದರು. ರೆಸ್ಯೂಮೆಯಲ್ಲಿ ‘ವಾಟರ್ ಲೆವೆಲ್ ಕಂಟ್ರೋಲರ್’ ಎಂಬ ಸಾಲು ನೋಡಿ ಒಬ್ಬರು ನಕ್ಕರು, ಅದು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದಂತೆ. ‘ಸೆನ್ಸರ್ ವೈರ್ ಕಟ್ ಆದರೆ ಏನಾಗುತ್ತದೆ?’ ಎಂದು ಕೇಳಿದರು. ಅಲ್ಲಿಂದ ಮುಂದೆ ಅರ್ಧ ಗಂಟೆ ಇಲಿ, ಕಡ್ಡಿ, ಸ್ನಬರ್ ಬಗ್ಗೆಯೇ ಮಾತು. ಸಿಜಿಪಿಎ ಕೇಳುವುದನ್ನೇ ಮರೆತರೋ ಏನೋ. ಆರು ವಾರದ ಇಂಟರ್ನ್‌ಶಿಪ್ ಸಿಕ್ಕಿತು, ಸ್ಟೈಪೆಂಡ್ ಪಿ.ಜಿ. ಬಾಡಿಗೆಗೂ ಸಾಲದಷ್ಟು.

ಹಾಗೆಂದು ಬೋರ್ಡ್ ಕೊಂಡ ಕೂಡಲೇ ಕೆಲಸ ಸಿಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಕ್ಯಾಂಪಸ್ಸಿಗೆ ಬರುವ ಬಹುತೇಕ ಕಂಪನಿಗಳ ಮೊದಲ ಸುತ್ತು ಆಪ್ಟಿಟ್ಯೂಡ್ ಪರೀಕ್ಷೆ. ಅಲ್ಲಿ ಸೋಲ್ಡರಿಂಗ್ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಅದಕ್ಕೂ ಓದಲೇಬೇಕು, ಓದುತ್ತಿದ್ದೇನೆ. ನನಗೆ ಬೇಸರವಾಗುವುದು ಬೇರೆ ವಿಷಯಕ್ಕೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ರೆಡಿಮೇಡ್ ತರುವವರಿದ್ದಾರೆ. ವರದಿ, ಪಿಪಿಟಿ, ವೈವಾದ ಪ್ರಶ್ನೋತ್ತರ ಸಮೇತ ಕೊಡುವ ಅಂಗಡಿಗಳೂ ಇವೆ. ಅದರಲ್ಲಿ ಎಲ್ಲವೂ ಇರುತ್ತದೆ, ಇಲಿಯೊಂದನ್ನು ಬಿಟ್ಟು.

ಈಗ ಬಜರ್ ಇರುವುದು ನನ್ನ ಮಂಚದ ಪಕ್ಕ. ರಜೆಯಲ್ಲೂ ವಾರಾಂತ್ಯದಲ್ಲೂ ನಾನೇ ಎದ್ದು ಬಿಂದಿಗೆ ತುಂಬುತ್ತೇನೆ, ಮೋಟರ್ ತಾನೇ ಓಡಿ ತಾನೇ ನಿಲ್ಲುತ್ತದೆ. ಹಾಸ್ಟೆಲಿನಲ್ಲಿರುವ ದಿನಗಳಲ್ಲಿ ಅಮ್ಮನೇ ಏಳಬೇಕು. ಆದರೆ ಈಗ ನೀರು ಬರುವವರೆಗೆ ಒಳಕೋಣೆಯಲ್ಲಿ ಫ್ಯಾನ್ ಹಾಕಿಕೊಂಡು ಮಲಗುತ್ತಾರೆ. ಅಜ್ಜಿ ಮಾತ್ರ ನಲ್ಲಿಯ ಕೆಳಗೆ ತಟ್ಟೆ ಇಡುವುದನ್ನು ಬಿಟ್ಟಿಲ್ಲ, ಕರೆಂಟ್ ಹೋದರೆ ಏನು ಮಾಡುತ್ತೀ ಎನ್ನುತ್ತಾರೆ. ಅವರ ಮಾತು ಸರಿಯಾಗಿಯೇ ಇದೆ. ಬೋರ್ಡಿಗೆ ಬ್ಯಾಟರಿ ಬ್ಯಾಕಪ್ ಇನ್ನೂ ಆಗಬೇಕು.

ಎದುರು ಮನೆಯ ಆಂಟಿಗೂ ಒಂದು ಬೇಕಂತೆ. ಅವರ ಮನೆಯಲ್ಲಿ ಸಂಪೂ ಇಲ್ಲ, ಮೋಟರೂ ಇಲ್ಲ. ನಾಲ್ಕು ಡ್ರಮ್ ಇವೆ. ಅವರಿಗೆ ಆರ್ಡಿನೊ ಬೇಕಿಲ್ಲ: ಎರಡು ಕಡ್ಡಿ, ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಬಜರ್, 9 ವೋಲ್ಟಿನ ಬ್ಯಾಟರಿ ಸಾಕು. ನೀರು ತಾಗದಿದ್ದಾಗ ಕರೆಂಟ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲ, ಆದ್ದರಿಂದ ಬ್ಯಾಟರಿ ತಿಂಗಳುಗಟ್ಟಲೆ ಬಾಳುತ್ತದೆ. ಈ ಭಾನುವಾರ ಹಳೆಯ ಸೋಪಿನ ಡಬ್ಬಿಯಲ್ಲಿ ಅದನ್ನು ಕೂರಿಸಬೇಕು. ಸದ್ದು ಸ್ವಲ್ಪ ಸಣ್ಣದಿರಲಿ ಎಂದಿದ್ದಾರೆ. ತಮ್ಮ ಡ್ರಮ್ ತುಂಬುವ ಮೊದಲೇ ಅಕ್ಕಪಕ್ಕದವರಿಗೆಲ್ಲ ಎಚ್ಚರವಾಗಿಬಿಟ್ಟರೆ ಪ್ರೆಷರ್ ಕಡಿಮೆಯಾಗುತ್ತದಂತೆ.