ಪದ್ಮಿನಿ ಸೆಲ್ಫ್ ಎಳೀತಿಲ್ವಾ? ಬ್ಯಾಟರಿ ಬದಲಿಸೋ ಮುಂಚೆ ಇದನ್ನೊಮ್ಮೆ ಅಳೆದು ನೋಡಿ

ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಸರಿಮಾಡಿ ಬರೆದಿದ್ದೀನಿ. ಮೀಟರ್ ರೀಡಿಂಗ್‌ಗಳನ್ನ ಕೇಳಿ ನೆನಪಿಟ್ಟುಕೊಳ್ಳೋದು ಕಷ್ಟ, ಓದೋದು ಸುಲಭ.

ನಮ್ಮನೆಯಲ್ಲಿರೋದು 1984ರ ಪ್ರೀಮಿಯರ್ ಪದ್ಮಿನಿ. ಅಪ್ಪ ಧಾರವಾಡದಿಂದ ಪುಣೆಗೆ ವರ್ಗವಾಗಿ ಬಂದ ಮೇಲೆ ಕೊಂಡ ಗಾಡಿ. ಈಗ ಭಾನುವಾರಕ್ಕೊಮ್ಮೆ ಹೊರಗೆ ತೆಗೀತೀವಿ, ವರ್ಷಕ್ಕೊಮ್ಮೆ ಊರಿಗೆ ಒಯ್ತೀವಿ. ಹೋದ ವರ್ಷ ಊರಿಗೆ ಹೊರಟಾಗ ಖಂಬಾಟ್ಕಿ ಘಾಟಿನಲ್ಲಿ ಕತ್ತಲಾಯಿತು, ಮಳೆ ಬೇರೆ. ಹೆಡ್‌ಲೈಟ್ ಹಾಕಿದರೆ ದೇವರ ಮುಂದಿನ ದೀಪದಷ್ಟು ಬೆಳಕು. ಸಾತಾರಾದಲ್ಲಿ ಚಹಾಕ್ಕೆ ನಿಲ್ಲಿಸಿದೆವು, ಆಮೇಲೆ ಸೆಲ್ಫ್ ಹೊಡೆದರೆ 'ಊಂ... ಊಂ...' ಅಂತ ನರಳಿ ನಿಂತುಹೋಯ್ತು. ಹೋಟೆಲಿನ ಹುಡುಗರು ತಳ್ಳಿದರು, ಎರಡು ಹೆಜ್ಜೆಗೆ ಎಂಜಿನ್ ಹತ್ತಿಕೊಂಡಿತು. ಈ 'ತಳ್ಳಿದರೆ ತಕ್ಷಣ ಹತ್ತುತ್ತೆ' ಅನ್ನೋದನ್ನ ನೆನಪಿಡಿ, ಮುಂದೆ ಬೇಕಾಗುತ್ತೆ.

ಪುಣೆಗೆ ವಾಪಸ್ ಬಂದು ಗ್ಯಾರೇಜಿಗೆ ಕೊಟ್ಟೆ. ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿಸಿದೆ. ಒಂದು ವಾರ ಪರವಾಗಿಲ್ಲ ಅನ್ನಿಸಿತು, ಮತ್ತೆ ಅದೇ ನರಳಾಟ. ಆಮೇಲೆ ಸೆಲ್ಫ್ ಮೋಟರ್ ಬಿಚ್ಚಿ ಬುಷ್, ಕಾರ್ಬನ್ ಬ್ರಷ್ ಎಲ್ಲ ಬದಲಿಸಿದರು. ಮತ್ತೆ ಅದೇ ಕಥೆ. ಮೂರನೇ ಸಲ ಇಡೀ ವೈರಿಂಗ್ ಹೊಸದಾಗಿ ಎಳೀಬೇಕು ಅಂದಾಗ ಅಪ್ಪ ಕೈ ಚೆಲ್ಲಿದರು. "ಸಾಕ ಬಿಡೊ ತಮ್ಮಾ, ಗುಜರಿಗೆ ಕೊಟ್ಟ ಬಿಡೂಣು" ಅಂದರು. ಗಾಡಿ ಬಗ್ಗೆ ಅವರು ಹಾಗೆ ಮಾತಾಡಿದ್ದು ಅದೇ ಮೊದಲು. ಅವತ್ತು ರಾತ್ರಿ ನಾನು ಮಲ್ಟಿಮೀಟರ್ ಹುಡುಕಿ ತೆಗೆದೆ.

ಗ್ಯಾರೇಜಿನವರನ್ನ ದೂರಿ ಪ್ರಯೋಜನವಿಲ್ಲ. 2023ರ ಅಕ್ಟೋಬರ್‌ನಲ್ಲಿ ಮುಂಬೈ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಇಳಿದುಹೋಯಿತು. ಈ ಗಾಡಿಯನ್ನ ಕಣ್ಣು ಮುಚ್ಚಿಕೊಂಡು ರಿಪೇರಿ ಮಾಡ್ತಿದ್ದ ವೈರ್‌ಮನ್‌ಗಳು ವರ್ಷವರ್ಷಕ್ಕೂ ಕಮ್ಮಿ ಆಗ್ತಿದ್ದಾರೆ. ಈಗಿನ ಹುಡುಗರಿಗೆ ಸ್ಕ್ಯಾನರ್ ಚುಚ್ಚಿ ಕೋಡ್ ಓದಿ ಅಭ್ಯಾಸ. ನಮ್ಮ ಗಾಡಿಯಲ್ಲಿ ಚುಚ್ಚೋಕೆ ಏನೂ ಇಲ್ಲ, ಹಾಗಾಗಿ ಒಂದೊಂದೇ ಸಾಮಾನು ಬದಲಿಸಿ ನೋಡ್ತಾರೆ.

ಈಗ ವಿಷಯಕ್ಕೆ ಬರೋಣ. ಕರೆಂಟು ಬ್ಯಾಟರಿಯ ಪ್ಲಸ್‌ನಿಂದ ಹೊರಟು ಕೆಲಸ ಮುಗಿಸಿ ಮೈನಸ್‌ಗೆ ವಾಪಸ್ ಬರಲೇಬೇಕು. ಹೋಗೋ ದಾರಿ ವೈರು, ಅದು ಕಣ್ಣಿಗೆ ಕಾಣುತ್ತೆ. ಬರೋ ದಾರಿ ಗಾಡಿಯ ತಗಡು, ಅಂದರೆ ಬಾಡಿ. ಅದನ್ನ ಯಾರೂ ದಾರಿ ಅಂತ ನೋಡೋದೇ ಇಲ್ಲ. (ಪದ್ಮಿನಿಯಲ್ಲಿ ಮೈನಸ್ ಬಾಡಿಗೆ. 1960ರ ದಶಕದ ತನಕದ ಹಲವು ಬ್ರಿಟಿಷ್ ಗಾಡಿಗಳಲ್ಲಿ ಪ್ಲಸ್ ಬಾಡಿಗೆ ಇರುತ್ತೆ, ಅಂಥದ್ದಿದ್ದರೆ ಮೊದಲು ನೋಡಿಕೊಳ್ಳಿ.) ಇನ್ನೊಂದು ಸಂಗತಿ, ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯಲ್ಲ. ಅದಕ್ಕೇ ಎಂಜಿನ್‌ನಿಂದ ಬಾಡಿಗೆ ಹೆಣೆದ ತಾಮ್ರದ ಒಂದು ಪಟ್ಟಿ ಹಾಕಿರ್ತಾರೆ. ಸೆಲ್ಫ್ ಮೋಟರ್ ಎಳೆಯೋ ನೂರು-ನೂರೈವತ್ತು ಆಂಪಿಯರ್ ಪೂರ್ತಿ ಆ ಪಟ್ಟಿಯ ಮೇಲೇ ವಾಪಸ್ ಬರಬೇಕು.

ಈ ಪಟ್ಟಿ ಸರಿ ಇದೆಯಾ ಅಂತ ಮೀಟರನ್ನ 'ಬೀಪ್' ಮೋಡ್‌ನಲ್ಲಿಟ್ಟು ನೋಡಬೇಡಿ. ನಾನು ಮಾಡಿದ ತಪ್ಪೇ ಅದು. ಬೀಪ್ ಅಂದಿತು, ಸರಿ ಇದೆ ಅಂದುಕೊಂಡೆ. ಮೀಟರ್ ಕಳಿಸೋದು ಮಿಲಿ ಆಂಪಿಯರ್ ಲೆಕ್ಕದ ಕರೆಂಟು. ನೂರು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತೆ. ಸೊಸೈಟಿ ಟ್ಯಾಂಕಿನ ಪೈಪಿನಲ್ಲಿ ಕಸ ಕಟ್ಟಿದೆ ಅಂತಿಟ್ಟುಕೊಳ್ಳಿ. ನಲ್ಲಿ ಮುಚ್ಚಿದ್ದಾಗ ಪ್ರೆಶರ್ ಪೂರ್ತಿ ಇರುತ್ತೆ. ತಿರುಗಿಸಿದ ಮೇಲೇ ಅಲ್ವಾ ನೀರು ಬರ್ತಿಲ್ಲ ಅಂತ ಗೊತ್ತಾಗೋದು? ಇಲ್ಲೂ ಕರೆಂಟು ಹರೀತಿರುವಾಗಲೇ ಅಳೀಬೇಕು. ಇದಕ್ಕೆ ವೋಲ್ಟೇಜ್ ಡ್ರಾಪ್ ಟೆಸ್ಟ್ ಅಂತಾರೆ.

ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ. ಕಾಯಿಲ್‌ಗೆ ಬರೋ ಸಣ್ಣ ವೈರ್ ತೆಗೆದು ತುದಿಗೆ ಟೇಪ್ ಸುತ್ತಿ, ಎಂಜಿನ್ ಸ್ಟಾರ್ಟ್ ಆಗಬಾರದು. ಮೀಟರ್ ಡಿಸಿ 20 ವೋಲ್ಟಿನಲ್ಲಿರಲಿ. ಮನೆಯವರೊಬ್ಬರು ಒಳಗೆ ಕೂತು ನಾಲ್ಕೈದು ಸೆಕೆಂಡು ಸೆಲ್ಫ್ ಹೊಡೀಬೇಕು. ನನಗೆ ಹೆಂಡತಿ ಸಹಾಯ ಮಾಡಿದಳು, ಬೈಕೊಂಡೇ.

ಮೊದಲು ಬ್ಯಾಟರಿಯನ್ನೇ ನೋಡಿದೆ. ಸುಮ್ಮನಿದ್ದಾಗ 12.6, ಅಂದರೆ ಪೂರ್ತಿ ಚಾರ್ಜ್. ಸೆಲ್ಫ್ ಹೊಡೆಯುವಾಗ 11.1. ಹತ್ತಕ್ಕಿಂತ ಕೆಳಗೆ ಇಳೀಲಿಲ್ಲ, ಬ್ಯಾಟರಿಗೆ ದೋಷವಿಲ್ಲ. ಆಮೇಲೆ ಕೆಂಪು ಕಡ್ಡಿಯನ್ನ ಬ್ಯಾಟರಿಯ ಪ್ಲಸ್ ಗೂಟಕ್ಕೆ, ಕಪ್ಪು ಕಡ್ಡಿಯನ್ನ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೆ ಇಟ್ಟೆ. ಸೆಲ್ಫ್ ಹೊಡೆದಾಗ 0.3 ವೋಲ್ಟ್. ಅರ್ಧ ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ಕಡ್ಡಿಯನ್ನ ಕ್ಲಾಂಪಿನ ಮೇಲಲ್ಲ, ಸೀಸದ ಗೂಟದ ಮೇಲೇ ಇಡಿ. ಕ್ಲಾಂಪಿಗೂ ಗೂಟಕ್ಕೂ ನಡುವೆ ಬಿಳಿ ಪುಡಿ ಕಟ್ಟಿದ್ದರೆ ಆ ದೋಷವೂ ಸಿಗಬೇಕು.

ಈಗ ವಾಪಸ್ ದಾರಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ, ಕೆಂಪು ಕಡ್ಡಿ ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಇಲ್ಲಿ 0.2, ಬಹಳ ಅಂದರೆ 0.3 ಇರಬೇಕು. ನಮ್ಮದರಲ್ಲಿ 2.8 ವೋಲ್ಟ್! ನಾನೇ ಕಡ್ಡಿ ತಪ್ಪಾಗಿ ಇಟ್ಟೆನಾ ಅಂತ ಮತ್ತೊಮ್ಮೆ ಹೊಡೆಸಿದೆ. ಮತ್ತೆ 2.8. ಲೆಕ್ಕ ಹಾಕಿ: 11.1ರಲ್ಲಿ ಹೋಗುವಾಗ 0.3, ಬರುವಾಗ 2.8 ಹೋಯ್ತು. ಮೋಟರಿಗೆ ಉಳಿದಿದ್ದು ಬರೀ 8 ವೋಲ್ಟ್. ಅದು ನರಳದೆ ಇನ್ನೇನು ಮಾಡುತ್ತೆ?

ದೋಷ ಎಲ್ಲಿದೆ ಅಂತ ಕಿರಿದು ಮಾಡೋಕೆ ಕೆಂಪು ಕಡ್ಡಿಯನ್ನ ಎಂಜಿನ್‌ನಿಂದ ತೆಗೆದು ಬಾಡಿಗೆ ಇಟ್ಟೆ. 0.1. ಅಂದರೆ ಬ್ಯಾಟರಿಯಿಂದ ಬಾಡಿವರೆಗೆ ಸರಿ ಇದೆ, ಬಾಡಿಯಿಂದ ಎಂಜಿನ್ ನಡುವೆ 2.7 ಹೋಗ್ತಿದೆ. ಕೆಳಗೆ ಮಲಗಿ ಆ ಪಟ್ಟಿ ಬಿಚ್ಚಿದೆ. ಎರಡು ವರ್ಷದ ಹಿಂದೆ ಡೆಂಟಿಂಗ್-ಪೇಂಟಿಂಗ್ ಮಾಡಿಸಿದ್ದೆವು. ಬಾಡಿ ಮೇಲೆ ಪಟ್ಟಿ ಕೂರೋ ಜಾಗಕ್ಕೂ ಚೆನ್ನಾಗಿ ಪೇಂಟ್ ಹೊಡೆದು, ಅದರ ಮೇಲೇ ಬೋಲ್ಟ್ ಬಿಗಿದಿದ್ದರು. ಬೋಲ್ಟಿನ ಎಳೆಗಳಲ್ಲಿ ಮಾತ್ರ ಲೋಹಕ್ಕೆ ಲೋಹ ತಾಗ್ತಿತ್ತು. ಪಟ್ಟಿಯ ಇನ್ನೊಂದು ತುದಿ ಒಳಗಿಂದೊಳಗೇ ಹಸಿರಾಗಿ ಕೈಯಲ್ಲಿ ಮುರೀತು.

ಈಗ ಸಾತಾರಾ ಕಥೆಗೆ ವಾಪಸ್ ಬನ್ನಿ. ತಳ್ಳಿದರೆ ತಕ್ಷಣ ಯಾಕೆ ಹತ್ತುತ್ತಿತ್ತು? ಕಾಯಿಲ್‌ನ ಕರೆಂಟು ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಮೂಲಕ ಎಂಜಿನ್ ಬ್ಲಾಕಿಗಿಳಿದು, ಇದೇ ಪಟ್ಟಿಯ ಮೇಲೆ ವಾಪಸ್ ಬರುತ್ತೆ. ಸೆಲ್ಫ್ ಹೊಡೆಯುವಾಗ ಕಾಯಿಲ್‌ಗೂ ಅದೇ 2.8 ವೋಲ್ಟಿನ ಪೆಟ್ಟು, ಕಿಡಿ ಸಪ್ಪೆ. ತಳ್ಳುವಾಗ ಸೆಲ್ಫ್ ಕರೆಂಟೇ ಇಲ್ಲ, ಕಾಯಿಲ್‌ನ ಮೂರು-ನಾಲ್ಕು ಆಂಪಿಯರಿಗೆ ಆ ಹಾಳು ದಾರಿಯೂ ಸಾಕು. ಇನ್ನೊಂದು ಸುಳಿವು ನನ್ನ ಕೈಗೇ ಸಿಕ್ಕಿತ್ತು, ಗಮನಿಸಿರಲಿಲ್ಲ: ಸೆಲ್ಫ್ ತುಂಬಾ ಹೊಡೆದ ದಿನ ಚೋಕ್ ಎಳೆಯೋಕೆ ಹೋದರೆ ಕೇಬಲ್ ಬಿಸಿಯಾಗಿರ್ತಿತ್ತು. ಪಟ್ಟಿ ಕೆಟ್ಟಾಗ ಕರೆಂಟು ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಅಂತ ಸಿಕ್ಕ ದಾರಿ ಹಿಡಿಯುತ್ತೆ. ನಿಮ್ಮ ಗಾಡಿಯಲ್ಲಿ ಆ ಕೇಬಲ್ ಬಿಸಿಯಾದರೆ ಮೀಟರೂ ಬೇಡ, ಸೀದಾ ಕೆಳಗೆ ಮಲಗಿ.

ಬ್ಯಾಟರಿಯ ಮೈನಸ್ ತೆಗೆದಿಟ್ಟು, ಬಾಡಿಯ ಜಾಗವನ್ನ ಸ್ಯಾಂಡ್ ಪೇಪರಿನಲ್ಲಿ ಹೊಳೆಯೋ ತನಕ ಉಜ್ಜಿದೆ. ಹೊಸ ಪಟ್ಟಿ, ಹಲ್ಲಿರೋ ವಾಷರ್, ಬಿಗಿದ ಮೇಲೆ ಹೊರಗಿಂದ ವ್ಯಾಸಲಿನ್. ಖರ್ಚು ಒಂದು ಸಿನಿಮಾ ಟಿಕೆಟಿನಷ್ಟು. ಮತ್ತೆ ಅಳೆದೆ: 0.15. ತಮಾಷೆ ಅಂದರೆ ಈಗ ಸೆಲ್ಫ್ ಹೊಡೆದಾಗ ಬ್ಯಾಟರಿ 10.4ಕ್ಕೆ ಇಳೀತಿತ್ತು, ಮೊದಲಿಗಿಂತ ಕೆಳಗೆ. ಹೆದರಬೇಡಿ, ಮೋಟರ್ ಈಗ ತನಗೆ ಬೇಕಾದಷ್ಟು ಕರೆಂಟು ಎಳೀತಿದೆ ಅಂತರ್ಥ.

ಹೆಡ್‌ಲೈಟಿನದು ಬೇರೆ ದೋಷ, ಆದರೆ ಟೆಸ್ಟ್ ಅದೇ. ಲೈಟ್ ಹಾಕಿಟ್ಟು ಅಳೆದರೆ ಬಲ್ಬಿನ ಅರ್ತಿಂಗ್ ಕಡೆ 0.6, ಬರೋ ಕಡೆ 1.9 ಹೋಗ್ತಿತ್ತು. 12.4ರಲ್ಲಿ ಬಲ್ಬಿಗೆ ಸಿಗ್ತಿದ್ದಿದ್ದು 9.9. ವೋಲ್ಟೇಜ್ ಐದನೇ ಒಂದು ಭಾಗ ಕಮ್ಮಿಯಾದರೆ ಬೆಳಕು ಅರ್ಧಕ್ಕಿಂತ ಕೆಳಗಿಳಿಯುತ್ತೆ, ಅಷ್ಟು ಸೂಕ್ಷ್ಮ ಅದು. ಬಿಳಿ ಸೆರಾಮಿಕ್ ಫ್ಯೂಸುಗಳ ತುದಿ, ಅವು ಕೂರೋ ಹಿತ್ತಾಳೆ ಕ್ಲಿಪ್ಪು ಉಜ್ಜಿದೆ, ಹೆಡ್‌ಲೈಟಿಗೆ ಫ್ಯೂಸ್ ಸಮೇತ ರಿಲೇ ಹಾಕಿದೆ. ಹಳೇ ಡ್ಯಾಶ್‌ಬೋರ್ಡ್ ಸ್ವಿಚ್ಚಿನ ಮೇಲೆ ಈಗ ಭಾರವಿಲ್ಲ. ಒಂದು ಫ್ಯೂಸಿಗೆ ಯಾರೋ ಪುಣ್ಯಾತ್ಮರು ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿದ್ದರು. ದಯವಿಟ್ಟು ಇದೊಂದನ್ನ ಮಾಡಬೇಡಿ, ಗಾಡಿ ಸುಟ್ಟುಹೋಗುತ್ತೆ.

ಕಾಯಿಲ್ ವೈರ್ ವಾಪಸ್ ಹಾಕಿ ಕೀ ತಿರುಗಿಸಿದೆ, ಅರ್ಧ ಸುತ್ತಿಗೆ ಎಂಜಿನ್ ಹತ್ತಿತು. ಮೇಲೆ ಬಾಲ್ಕನಿಯಿಂದ ಅಪ್ಪ ಬಗ್ಗಿ ನೋಡಿದರು. "ಏನೊ, ಮತ್ತ ಹೊಸಾ ಬ್ಯಾಟರಿ ಹಾಕ್ಸಿದೇನು?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಬಂದರು.

ನಿಮ್ಮ ಗಾಡಿಯಲ್ಲಿ ಎಂಜಿನ್ ಮತ್ತು ಮೈನಸ್ ಗೂಟದ ನಡುವೆ ಎಷ್ಟು ಬಂತು ಅಂತ ಬರೆದು ಕಳಿಸಿ. ಗಾಡಿ ಯಾವುದು, ಯಾವ ವರ್ಷದ್ದು ಅನ್ನೋದನ್ನೂ ಸೇರಿಸಿ.