ನಿಮಗಿದು ಗೊತ್ತೆ? ಮದ್ದು ಹುಡುಕುವ ಎಐ ವಿಷವನ್ನೂ ಹುಡುಕಿತು!

ಗಾಳಿಯಲ್ಲಿನ ಸಾರಜನಕದಿಂದ ಅಮೋನಿಯಾ ತಯಾರಿಸುವ ದಾರಿ ತೋರಿಸಿ, ರಸಗೊಬ್ಬರ ಯುಗಕ್ಕೆ ನಾಂದಿ ಹಾಡಿದವರು ಜರ್ಮನಿಯ ಫ್ರಿಟ್ಜ್ ಹೇಬರ್. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಕ್ಲೋರಿನ್ ಅನಿಲ ಹರಿಬಿಟ್ಟಾಗ ಅದರ ಉಸ್ತುವಾರಿಯೂ ಅವರದೇ. ಆದರೂ 1918ರ ರಸಾಯನಶಾಸ್ತ್ರ ನೊಬೆಲ್ ಅವರಿಗೇ ಸಂದಿತು.

ಹೀಗೆ ಒಳಿತಿಗೂ ಕೆಡುಕಿಗೂ ಒದಗುವುದರಲ್ಲಿ ಈಗ ಎಐ ಸರದಿ. ಅಮೆರಿಕದ ಔಷಧ ಸಂಶೋಧನಾ ಕಂಪನಿಯೊಂದರ ವಿಜ್ಞಾನಿಗಳು, ವಿಷಕಾರಿ ಅಣುಗಳನ್ನು ಕೈಬಿಡಲು ಕಲಿತಿದ್ದ ತಮ್ಮ ಎಐಗೆ ಪರೀಕ್ಷೆಗೆಂದು ಉಲ್ಟಾ ಸೂಚನೆ ಕೊಟ್ಟರು: ವಿಷ ಹೆಚ್ಚಿದಷ್ಟೂ ಅಂಕ ಹೆಚ್ಚು! 6 ಗಂಟೆಯೊಳಗೆ ಅದು 40,000 ಅಣುಗಳನ್ನು ಮುಂದಿಟ್ಟಿತು. ನರಮಂಡಲಕ್ಕೆ ಮಾರಕವಾದ ವಿಎಕ್ಸ್ ಕೂಡ ಅದರಲ್ಲಿತ್ತು. ಕಲಿಕೆಗೆ ಕೊಟ್ಟ ದತ್ತಾಂಶದಲ್ಲಿ ಅದು ಇರಲೇ ಇಲ್ಲ. 2022ರಲ್ಲಿ ಈ ವಿಷಯ ಬಹಿರಂಗಪಡಿಸಿದ ತಂಡ, ಯಾವ ಅಣುವನ್ನೂ ಪ್ರಯೋಗಾಲಯದಲ್ಲಿ ತಯಾರಿಸಲಿಲ್ಲ.